ಬ್ಯೂಟಿ ಪಾರ್ಲರ್ ಸರಿ, ಬಾರ್ ಯಾಕೆ ಬಿಟ್ಟಿರಿ?

ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಲ್ಯಾಟಿನಾ (ಲ್ಯಾಟಿನ್ ಅಮೆರಿಕ ಮೂಲದ) ಟ್ರಾನ್ಸ್ ಮಹಿಳೆಯರು ಸೇರಿ ಕಟ್ಟಿದ ಮಿರರ್ ಬ್ಯೂಟಿ ಕೋಆಪರೇಟಿವ್ ಎಂಬ ಸಹಕಾರಿ ಸಲೂನ್ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಖುಷಿಯಾಯ್ತು. ಆದರೆ ಸುಮ್ನೆ ‘ಧೈರ್ಯದ ಕಥೆ’ ಅಂತ ಮುಗಿಸಿಬಿಟ್ಟಿರಿ. ಯಾಕೆ ಸಹಕಾರಿ ಮಾದರಿ ಅನ್ನೋದೇ ಇದರ ತಿರುಳು ಅಲ್ವಾ? ವಲಸೆಯ ಕಾಗದಪತ್ರ ಇಲ್ಲದವರನ್ನು ಅಮೆರಿಕದಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ. ಅದೇ ಜನ ಒಂದು ವ್ಯಾಪಾರಕ್ಕೆ ಪಾಲುದಾರರಾಗಬಹುದು, ಐಟಿಐಎನ್ ಎಂಬ ತೆರಿಗೆದಾರರ ಗುರುತಿನ ನಂಬರ್ ಪಡೆದು ತೆರಿಗೆಯನ್ನೂ ಕಟ್ಟಬಹುದು. ನೌಕರಿ ಕೊಡದಿದ್ದರೆ ನಾವೇ ಮಾಲೀಕರು! ಹಾಗಂತ ಎಲ್ಲ ಸಲೀಸಲ್ಲ. ಕೂದಲು, ಮೇಕಪ್ಪಿನ ಕೆಲಸದ ಕಾಸ್ಮೆಟಾಲಜಿ ಲೈಸೆನ್ಸ್‌ಗೆ ನ್ಯೂಯಾರ್ಕ್‌ನಲ್ಲಿ 1,000 ಗಂಟೆ ತರಬೇತಿ ಬೇಕು, ಫೀಸು ಬೇರೆ.

ಇನ್ನು ರಾತ್ರಿಯ ಲೋಕವನ್ನು ನೀವು ಮುಟ್ಟಲೇ ಇಲ್ಲ. ಕ್ವೀನ್ಸ್‌ನ ರೂಸ್‌ವೆಲ್ಟ್ ಅವೆನ್ಯೂ ರಸ್ತೆಯ ಮೇಲ್ಸೇತುವೆಯಲ್ಲಿ 7ನೇ ನಂಬರ್ ರೈಲು ಗಡಗಡ ಓಡುತ್ತೆ, ಕೆಳಗೆ ಲ್ಯಾಟಿನೋ ಗೇ ಬಾರ್‌ಗಳು. ಶೋ ಮಾಡುವವರಿಗೆ ವಿಗ್ಗು, ಮೇಕಪ್ಪು ಬೇಕೇ ಬೇಕು. ರಾತ್ರಿ ವೇದಿಕೆ ಏರುವವರೇ ಹಗಲಿನ ಸಲೂನ್‌ಗೆ ಗಿರಾಕಿಗಳಾಗಬಹುದು. ಅದೇ ರಸ್ತೆಯಲ್ಲಿ ಗಾಡಿ ತಳ್ಳಿಕೊಂಡು ಊಟ, ಕಾಂಡೋಮ್ ಹಂಚುತ್ತಾ, ಪೊಲೀಸರು ಹಿಡಿದವರಿಗೆ ಜಾಮೀನಿನ ದುಡ್ಡು ಹೊಂದಿಸುತ್ತಿದ್ದವರು ಮೆಕ್ಸಿಕೋ ಮೂಲದ ಟ್ರಾನ್ಸ್ ಮಹಿಳೆ ಲೊರೆನಾ ಬೋರ್ಹಾಸ್. 2020ರಲ್ಲಿ ಕೋವಿಡ್‌ಗೆ ತೀರಿಕೊಂಡರು. ಅವರ ಹೆಸರಾದರೂ ಒಂದು ಸಾಲಿನಲ್ಲಿ ಬರಬೇಕಿತ್ತು.