ಹದಿಮೂರನೆಯ ತಿಂಗಳ ರಸೀದಿ

ಕತ್ತೆಗಾಡಿಯ ಬಾಡಿಗೆಗೆ ರಸೀದಿ ಇಲ್ಲವೆಂಬ ಕಾರಣಕ್ಕೆ ನನ್ನ ಪ್ರಯಾಣ ವೆಚ್ಚದ ಬಿಲ್ಲು ಮತ್ತೆ ವಾಪಸಾಗಿದೆ. ಯೂರೋಪಿನ ತಂಪಾದ ಊರೊಂದರಲ್ಲಿ ಕುಳಿತಿರುವ ನಮ್ಮ ಲೆಕ್ಕಾಧಿಕಾರಿಗಳು ಎಂದಿನಂತೆ ಪತ್ರದ ಮೊದಲ ಸಾಲಿನಲ್ಲಿ ನನ್ನ ನಿಸ್ವಾರ್ಥ ಸೇವೆಯನ್ನು ಕೊಂಡಾಡಿ, ಎರಡನೆಯ ಸಾಲಿನಲ್ಲಿ ಗಾಡಿಯ ಮಾಲೀಕರಿಂದ ತೆರಿಗೆದಾರ ಸಂಖ್ಯೆಯುಳ್ಳ ಮುದ್ರಿತ ರಸೀದಿಯನ್ನು ಪಡೆದು ಕಳುಹಿಸಬೇಕೆಂದು ಕೋರಿದ್ದಾರೆ. ಗಾಡಿಯ ಮಾಲೀಕರಿಗೆ ಹೆಚ್ಚೆಂದರೆ ಹನ್ನೆರಡು ವರ್ಷ ವಯಸ್ಸು. ಅವರ ಸ್ಥಿರ, ಚರ ಆಸ್ತಿಯೆಲ್ಲ ಸೇರಿ ಒಂದು ಕತ್ತೆ, ಒಂದು ಗಾಡಿ ಮತ್ತು ಒಂದು ಬಾರುಕೋಲು. ಮೇಕೆ ತೂಗುವ ತಕ್ಕಡಿಯನ್ನೂ ಪ್ರಶ್ನಾವಳಿಗಳ ಕಟ್ಟನ್ನೂ ಡಾಂಬರು ರಸ್ತೆಯಿಂದ ಹಳ್ಳಿಯವರೆಗೆ ಸಾಗಿಸಿದ್ದಕ್ಕೆ ನಾನು ಕೊಟ್ಟ ಬಿರ್ ನೋಟುಗಳನ್ನು ಅವರು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಹೊರಟುಹೋದರು. ಈಗ ನಾನು ಅವರನ್ನು ಸಂತೆಯಲ್ಲಿ ಹುಡುಕಿ, ವ್ಯಾಪಾರ ನೋಂದಣಿ ಮಾಡಿಸಿಕೊಳ್ಳಿರೆಂದು ಬೇಡಿಕೊಳ್ಳಬೇಕು.

ನಾನಿರುವುದು ಇಥಿಯೋಪಿಯಾದ ದಕ್ಷಿಣಕ್ಕೆ, ಕೀನ್ಯಾದ ಗಡಿಯ ಕಡೆಗೆ ಚಾಚಿಕೊಂಡಿರುವ ಬೋರಾನ ಸೀಮೆಯ ಯಾಬೆಲೊ ಎಂಬ ಊರಿನಲ್ಲಿ. ಕೆಲಸ ಜಾನುವಾರು ಆರೋಗ್ಯದ ಅರ್ಥಶಾಸ್ತ್ರ ಸಂಶೋಧನೆ, ಹುದ್ದೆ ಸ್ವಯಂಸೇವಕ. ಎಂದರೆ ಸಂಬಳವಿಲ್ಲ, ಮಲಗಲು ಕೋಣೆಯಿದೆ, ಕೈಯಿಂದ ಖರ್ಚು ಮಾಡಿದ್ದಕ್ಕೆ ರಸೀದಿ ತೋರಿಸಿದರೆ ಹಿಂದಕ್ಕೆ ಕೊಡುತ್ತಾರೆ. ಸುಮಾರು 7 ಕೋಟಿ ದನಗಳಿರುವ, ಆಫ್ರಿಕಾದಲ್ಲೇ ಅತಿ ಹೆಚ್ಚು ಜಾನುವಾರುಗಳನ್ನು ಸಾಕುವ ಈ ದೇಶದಲ್ಲಿ ರೋಗದಿಂದ ಸಾಕಣೆದಾರನಿಗೆ ಆಗುವ ನಷ್ಟವೆಷ್ಟು, ಲಸಿಕೆ ಹಾಕಿಸಿದರೆ ಉಳಿಯುವುದೆಷ್ಟು ಎಂದು ಲೆಕ್ಕ ಹಾಕುವವರು ಯಾರಾದರೂ ಬೇಕಷ್ಟೆ. ಕುರಿ ಮೇಕೆಗಳಿಗೆ ತಗಲುವ, ನಮ್ಮ ಕುರಿಗಾರರು ಹಿರೇಬೇನೆ ಎನ್ನುವ ಪಿಪಿಆರ್ ರೋಗವನ್ನೇ ತೆಗೆದುಕೊಳ್ಳಿ. 1942ರಲ್ಲಿ ಐವರಿ ಕೋಸ್ಟ್‌ನಲ್ಲಿ ಮೊದಲು ಗುರುತಿಸಲಾದ ಈ ರೋಗವನ್ನು 2030ರೊಳಗೆ ಭೂಮಿಯಿಂದಲೇ ಅಳಿಸುವುದಾಗಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯೂ 2015ರಲ್ಲಿ ಪಣ ತೊಟ್ಟಿವೆ. ಅದಕ್ಕೆ ಹಣ ಕೊಡುವವರಿಗೆ ಲೆಕ್ಕ ಬೇಕು. ಮೇಕೆ ಸತ್ತರೆ ಅದರ ಸಂತೆಬೆಲೆಯೊಂದೇ ನಷ್ಟವಲ್ಲ. ಬದುಕಿದ ಮೇಕೆ ಕಂದು ಹಾಕಿದ್ದರಿಂದ ಹುಟ್ಟದೆ ಹೋದ ಮರಿ, ಮಕ್ಕಳ ಬಟ್ಟಲಿಗೆ ಬಾರದೆ ಹೋದ ಹಾಲು, ಹೆದರಿ ಅರ್ಧ ಬೆಲೆಗೆ ಮಾರಿದ ಹೋತ, ರೋಗದ ಪ್ರಾಣಿಯನ್ನು ಬೇರೆ ಕಟ್ಟಿ ಮೇವು ತಂದುಹಾಕಲು ಮನೆಯ ಹುಡುಗಿ ಕಳೆದ ಹೊತ್ತು, ಇವಿಷ್ಟಕ್ಕೂ ಬೆಲೆ ಕಟ್ಟಬೇಕು. ಕೂಲಿ ಕೊಡದ ಮನೆಮಂದಿಯ ದುಡಿಮೆಯ ಮುಂದೆ ಸೊನ್ನೆ ಬರೆಯಬಾರದು, ಊರಿನ ಕೂಲಿಯ ದರವನ್ನೇ ಹಾಕಬೇಕು ಎಂಬುದು ನಮ್ಮ ಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಈ ಪಾಠವನ್ನು ನಾನು ಇಲ್ಲಿನ ಗಣತಿದಾರರಿಗೆ ವಾರವಾರವೂ ಬೋಧಿಸುತ್ತೇನೆ, ಸಂಬಳವಿಲ್ಲದೆ.

ಇದನ್ನು ಊರಿನವರಿಗೆ ತಿಳಿಸುವುದು ಇನ್ನೊಂದು ಸಾಹಸ. ಹಿರಿಯೂರಿನ ಬಳಿಯಿರುವ ನಮ್ಮ ಚಿಕ್ಕಪ್ಪನ ಪಾಲಿಗೆ ದನದ ಸಂಗಡ ಕೆಲಸ ಮಾಡುವ ಓದಿದವನೆಂದರೆ ದನದ ಡಾಕ್ಟರು. ಮೊನ್ನೆ ವಿಡಿಯೊ ಕರೆ ಮಾಡಿ, ಫೋನನ್ನು ಎಮ್ಮೆಯ ಮೂತಿಗೇ ಹಿಡಿದು, "ಎರಡು ದಿನದಿಂದ ಮೆಲುಕು ಹಾಕ್ತಿಲ್ಲ ಕಣಪ್ಪ, ಏನಾಗಿದೆ ನೋಡು" ಎಂದರು. ಎಮ್ಮೆಯೂ ನಾನೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿಕೊಂಡೆವು. "ಚಿಕ್ಕಪ್ಪ, ನಾನು ಔಷಧಿ ಕೊಡುವವನಲ್ಲ, ಅದು ಸತ್ತರೆ ನಿಮಗೆಷ್ಟು ನಷ್ಟ ಅಂತ ಲೆಕ್ಕ ಹಾಕುವವನು" ಎಂದೆ. "ಅದು ನನಗೂ ಗೊತ್ತಲ್ಲೋ, ಎಂಬತ್ತು ಸಾವಿರ! ಅಷ್ಟು ಹೇಳೋಕೆ ಆ ದೇಶಕ್ಕೆ ಹೋದ್ಯಾ?" ಎಂದವರು ಫೋನಿಟ್ಟರು. ಎಮ್ಮೆ ಮರುದಿನ ತಾನಾಗಿಯೇ ಮೇವು ತಿಂದಿತಂತೆ. ಅದರ ಕೀರ್ತಿ ಊರಿನಲ್ಲಿ ನನಗೇ ಸಂದಿದೆ.

ಲೆಕ್ಕಾಧಿಕಾರಿಗಳ ವಿಷಯಕ್ಕೆ ಬರುತ್ತೇನೆ. ಕತ್ತೆಗಾಡಿಯದು ಹೊಸ ಗಾಯ. ಹಳೆಯ ಗಾಯ ಯಾಬೆಲೊದ ಹೋಟೆಲಿನ ರಸೀದಿಯದು. ಆ ರಸೀದಿಗೆ ಬೇಕಾದ ಎಲ್ಲ ಲಕ್ಷಣಗಳೂ ಇದ್ದವು. ತೆರಿಗೆದಾರ ಸಂಖ್ಯೆಯಿತ್ತು, ನೇರಳೆ ಬಣ್ಣದ ದುಂಡನೆಯ ಮೊಹರಿತ್ತು, ಸಹಿಯ ಬಾಲ ಅಂಚಿನವರೆಗೂ ಹೋಗಿತ್ತು. ದಿನಾಂಕದ ಜಾಗದಲ್ಲಿ 4/13/2016 ಎಂದು ಬರೆದಿತ್ತು. ಇಥಿಯೋಪಿಯಾದ ಪಂಚಾಂಗದಲ್ಲಿ ತಲಾ 30 ದಿನಗಳ 12 ತಿಂಗಳುಗಳಿದ್ದು, ಉಳಿದ ಐದು ಅಥವಾ ಆರು ದಿನಗಳಿಗೆ ಪಗುಮೆ ಎಂಬ 13ನೆಯ ತಿಂಗಳಿದೆ. ಅವರ ವರ್ಷ ನಾವು ಬಳಸುವ ಇಂಗ್ಲಿಷ್ ವರ್ಷಕ್ಕಿಂತ ಏಳೆಂಟು ಹಿಂದಿರುತ್ತದೆ. ಹೀಗಾಗಿ ಆ ರಸೀದಿಯ ದಿನ 2016ರ ಪಗುಮೆ 4, ಎಂದರೆ ನಮ್ಮ ಲೆಕ್ಕದಲ್ಲಿ 2024ರ ಸೆಪ್ಟೆಂಬರ್ 9. ಇದರಲ್ಲಿ ಗೂಢವೇನೂ ಇಲ್ಲ. ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಬಂದು ಮದುವೆ ಮುಂಜಿಗಳನ್ನೆಲ್ಲ ಮುಂದಕ್ಕೆ ತಳ್ಳುವ ನಾಡಿನಲ್ಲಿ ಬೆಳೆದವನಿಗೆ 13ನೆಯ ತಿಂಗಳೆಂದರೆ ಹುಬ್ಬು ಕೂಡ ಏರುವುದಿಲ್ಲ.

ಲೆಕ್ಕಾಧಿಕಾರಿಗಳು ಅದನ್ನು ಅಮೆರಿಕದ ಪದ್ಧತಿಯಲ್ಲಿ ಓದಿಕೊಂಡರು. ನನ್ನ ಸೇವೆಯನ್ನು ಕೊಂಡಾಡಿದ ಬಳಿಕ ಅವರು ಬರೆದ ಒಕ್ಕಣೆ ಹೀಗಿತ್ತು: ತಾವು 2016ರ ಏಪ್ರಿಲ್ 13ರಂದು ಈ ಹೋಟೆಲಿನಲ್ಲಿ ತಂಗಿರುವುದಾಗಿ ಕಾಣುತ್ತದೆ; ಯೋಜನೆ ಆರಂಭವಾಗುವುದಕ್ಕೆ ವರ್ಷಗಳ ಮೊದಲೇ ತಾವು ಯೋಜನೆಯ ಕೆಲಸಕ್ಕೆ ಹೊರಟಿದ್ದೇಕೆಂದು ದಯವಿಟ್ಟು ವಿವರಿಸಬೇಕು. ನಾನು ಪಂಚಾಂಗದ ಮೇಲೆ ಎರಡು ಪುಟಗಳ ಟಿಪ್ಪಣಿ ಬರೆದು ಕಳುಹಿಸಿದೆ. ತುಂಬ ಸ್ವಾರಸ್ಯವಾದ ಮಾಹಿತಿ, ಕಚೇರಿಯಲ್ಲಿ ಎಲ್ಲರೂ ಓದಿ ಸಂತೋಷಪಟ್ಟರು, ಆದರೆ ನಮ್ಮ ತಂತ್ರಾಂಶದಲ್ಲಿ ತಿಂಗಳುಗಳು 12ಕ್ಕೇ ಮುಗಿಯುತ್ತವೆಯಾದ್ದರಿಂದ ಹೋಟೆಲಿನವರಿಂದ ಬೇರೆ ತಿಂಗಳಿನ ರಸೀದಿಯೊಂದನ್ನು ಪಡೆಯಲು ಸಾಧ್ಯವೇ ಎಂಬ ಉತ್ತರ ಬಂತು. ಹೋಟೆಲಿನ ಯಜಮಾನರು ಸಾತ್ವಿಕರು. ಬೆಣ್ಣೆಯಲ್ಲಿ ಹುರಿದ ಕಾಫಿಹಣ್ಣನ್ನು ಬೋರಾನ ಪದ್ಧತಿಯಂತೆ ನನ್ನ ಮುಂದಿಟ್ಟು, ಪಗುಮೆಯಲ್ಲಿ ಮಲಗಿದವನಿಗೆ ಇನ್ನೊಂದು ತಿಂಗಳಿನ ಬಿಲ್ಲು ಬರೆದುಕೊಡುವಂಥ ಮನೆತನ ತಮ್ಮದಲ್ಲವೆಂದು ಶಾಂತವಾಗಿ ತಿಳಿಸಿದರು. ಅಲ್ಲದೆ, ತಿಂಗಳ ಸಂಬಳದ ನೌಕರರಿಗೆ ಪಗುಮೆಗೆಂದು ಪ್ರತ್ಯೇಕ ಸಂಬಳವಿರುವುದಿಲ್ಲ, ಆ ದಿನಗಳಲ್ಲಿ ಎಲ್ಲರಿಗೂ ಕೈ ಬಿಗಿಯೇ ಎಂದು ನನ್ನನ್ನು ಸಮಾಧಾನಪಡಿಸಿದರು. 13 ತಿಂಗಳೂ ಸಂಬಳವಿಲ್ಲದ ನಾನು ಆ ಸಮಾಧಾನವನ್ನು ಕಾಫಿಯ ಜೊತೆಗೆ ಅಗಿದು ನುಂಗಿದೆ.

ತಿಂಗಳು ಮುಗಿಯಿತೆಂದರೆ ಗಂಟೆ. ಇಲ್ಲಿ ದಿನ ಶುರುವಾಗುವುದು ಬೆಳಗಿನ ಆರಕ್ಕೆ. ನಮ್ಮ ಏಳು ಗಂಟೆ ಇವರಿಗೆ ಒಂದು ಗಂಟೆ. ಸೂರ್ಯ ಹುಟ್ಟಿದಲ್ಲಿಂದ ಘಳಿಗೆ ಎಣಿಸುತ್ತಿದ್ದ ನಮ್ಮ ಅಜ್ಜಂದಿರು ಇಲ್ಲಿಗೆ ಬಂದಿದ್ದರೆ ಮೊದಲ ದಿನವೇ ಒಗ್ಗಿಹೋಗುತ್ತಿದ್ದರು. ಅಡಿಸ್ ಅಬಾಬಾದಿಂದ ಯಾಬೆಲೊಗೆ ಹೊರಡುವ ಬಸ್ಸಿನ ಚೀಟಿಯಲ್ಲಿ ರಾತ್ರಿ 11 ಗಂಟೆ ಎಂದಿದ್ದರೆ ಅದು ನಸುಕಿನ ಐದು ಗಂಟೆ. ಅದನ್ನು ಕಂಡ ಲೆಕ್ಕಾಧಿಕಾರಿಗಳು, ರಾತ್ರಿ 11ಕ್ಕೆ ಬಸ್ಸಿನಲ್ಲಿ ಕುಳಿತವನಿಗೆ ಅದೇ ರಾತ್ರಿ ಅಡಿಸ್ ಅಬಾಬಾದ ಅತಿಥಿಗೃಹದಲ್ಲಿ ಹಾಸಿಗೆ ಏಕೆ ಬೇಕಾಯಿತು ಎಂಬ ತರ್ಕಬದ್ಧವಾದ ಪ್ರಶ್ನೆಯನ್ನೆತ್ತಿ ಆ ಬಿಲ್ಲನ್ನೂ ಹೊಡೆದುಹಾಕಿದರು. ಈ ಬಾರಿ ನಾನು ಟಿಪ್ಪಣಿ ಬರೆಯಲಿಲ್ಲ. ಇನ್ನೊಮ್ಮೆ ಕಚೇರಿಯವರೆಲ್ಲ ಓದಿ ಸಂತೋಷಪಡುವುದು ನನಗೆ ಬೇಕಿರಲಿಲ್ಲ.

ಲೆಕ್ಕದ ಹುಚ್ಚಿನಲ್ಲಿ ನಾವು ಅರ್ಥಶಾಸ್ತ್ರದವರೂ ಕಡಿಮೆಯಿಲ್ಲವೆಂದು ಒಪ್ಪಿಕೊಳ್ಳಬೇಕು. ಬೋರಾನದ ಹಿರಿಯರನ್ನು ನಿಮ್ಮ ಹತ್ತಿರ ದನಗಳೆಷ್ಟಿವೆ ಎಂದು ಕೇಳಿದರೆ ನಕ್ಕು ಬೇರೆ ಕಡೆ ನೋಡುತ್ತಾರೆ. ನಮ್ಮ ಕುರಿಗಾರರೂ ಅಷ್ಟೆ: ಹಿಂಡಿನ ಲೆಕ್ಕವನ್ನು ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ. ಹೇಗೋ ಸುತ್ತುಬಳಸಿ ತಿಳಿದುಕೊಂಡ ಮೇಲೆ ಆ ಸಂಖ್ಯೆಗಳನ್ನು ನಾವು ಜಾನುವಾರು ಘಟಕವೆಂಬ ಅಳತೆಗೆ ಇಳಿಸುತ್ತೇವೆ. 250 ಕಿಲೊ ತೂಕದ ಪ್ರಾಣಿಯೊಂದು ಒಂದು ಘಟಕ. ಬಳಕೆಯಲ್ಲಿರುವ ಕೋಷ್ಟಕದ ಪ್ರಕಾರ ಒಂಟೆ 1, ದನ 0.7, ಕತ್ತೆ 0.5, ಕುರಿ ಮತ್ತು ಮೇಕೆ 0.1, ಕೋಳಿ 0.01. ಇದನ್ನು ಒಬ್ಬ ಹಿರಿಯರಿಗೆ ವಿವರಿಸಿದಾಗ ಅವರು ಬಹಳ ಗಮನವಿಟ್ಟು ಕೇಳಿ, ಹಾಗಾದರೆ ನೂರು ಕೋಳಿ ಕೊಡುತ್ತೇನೆ, ನಿಮ್ಮ ಸರ್ಕಾರದಿಂದ ನನಗೊಂದು ಒಂಟೆ ಕೊಡಿಸಿ ಎಂದರು. ಸುತ್ತ ಕುಳಿತವರೆಲ್ಲ ನಗುವಾಗ ನಾನೂ ನಕ್ಕೆ; ಆದರೆ ಪ್ರಶ್ನಾವಳಿಯಲ್ಲಿ ಅವರ ಮನೆಗೆ 4.3 ಘಟಕವೆಂದೇ ಬರೆದುಕೊಂಡೆ. 2020ರ ಕೊನೆಯಿಂದ ಸಾಲಾಗಿ ಐದು ಮಳೆಗಾಲಗಳು ಕೈಕೊಟ್ಟಾಗ ಆ ಮನೆಯಲ್ಲಿ ಸತ್ತ ದನಗಳಿಗೆ ಅವರು ಒಂದೊಂದಕ್ಕೂ ಇಟ್ಟಿದ್ದ ಹೆಸರನ್ನು ಹೇಳಿದರು. ಹೆಸರಿಗೆ ಪ್ರಶ್ನಾವಳಿಯಲ್ಲಿ ಜಾಗವಿರಲಿಲ್ಲ. ಅಂಚಿನಲ್ಲಿ ಬರೆದುಕೊಂಡಿದ್ದೇನೆ.

ಈ ಕೋಷ್ಟಕ ನನಗೆ ಕಳೆದ ವಾರ ಬೇರೊಂದು ರೀತಿಯಲ್ಲಿ ಉಪಯೋಗಕ್ಕೆ ಬಂತು. ಸಂಸ್ಥೆಯವರು ಹಣ ಕೊಟ್ಟ ದಾನಿಗಳಿಗೆ ಸಲ್ಲಿಸುವ ವಾರ್ಷಿಕ ವರದಿಯ ಕರಡನ್ನು ರೋಗದ ಅಂಕಿ ಅಂಶಗಳನ್ನು ಸರಿನೋಡಲೆಂದು ನನಗೆ ಕಳುಹಿಸಿದ್ದರು. ಅದರ ಹಿಂಬದಿಯಲ್ಲಿ ಸಂಸ್ಥೆಯ ಸ್ವಂತ ಕೊಡುಗೆ ಎಂಬ ಕೋಷ್ಟಕವಿತ್ತು. ಕೊಟ್ಟ ಕಟ್ಟಡ, ಕೊಟ್ಟ ಜೀಪು, ಅವುಗಳ ಕೆಳಗೆ ನಾನು! ಸ್ವಯಂಸೇವಕ ಸಂಶೋಧಕನ ಸಮಯವೆಂದು ಬರೆದು, ಹಿರಿಯ ಸಲಹೆಗಾರರ ದಿನದ ದರದಿಂದ ಗುಣಿಸಿ, ದೊಡ್ಡದೊಂದು ಮೊತ್ತವನ್ನು ತೋರಿಸಿದ್ದರು. ಇಂಥ ಲೆಕ್ಕ ತಪ್ಪೇನಲ್ಲ, ಯೋಜನೆಗಳಲ್ಲಿ ಇದು ರೂಢಿಯೇ, ಶಾಸ್ತ್ರಸಮ್ಮತವೂ ಹೌದು. ನಾನು ಯಾಬೆಲೊದ ಸಂತೆಯ ಬೆಲೆಯನ್ನು ಇಟ್ಟುಕೊಂಡು ನೋಡಿದೆ. ನನ್ನ ಒಂದು ದಿನಕ್ಕೆ ಎರಡು ಒಳ್ಳೆಯ ಮೇಕೆ ಬರುತ್ತವೆ, ಎಂದರೆ 0.2 ಘಟಕ. ಐದು ದಿನ ದುಡಿದರೆ ಒಂದು ಒಂಟೆ. ವಾರಕ್ಕೊಂದು ಒಂಟೆಯಂತೆ ಕಾಗದದ ಮೇಲೆ ನನಗೆ ದೊಡ್ಡ ಹಿಂಡೇ ಆಗಿದೆ, ದಾನಿಗಳು ಅದನ್ನು ಕಂಡು ತಲೆದೂಗುತ್ತಾರೆ. ಕತ್ತೆಗಾಡಿಯ ಬಾಡಿಗೆ ಮಾತ್ರ ಆ ಹಿಂಡಿನ ಒಡೆಯನಿಗೆ ಸಿಗಲಿಲ್ಲ.

ಸಿಟ್ಟು ಇಳಿಯದ ಸಂಜೆಗಳಲ್ಲಿ, ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್ ಎನ್ನುವ ದನಗಳ ದೊಡ್ಡರೋಗದ ಚರಿತ್ರೆಯನ್ನು ಓದುತ್ತೇನೆ. 1887ರಲ್ಲಿ ಇಟಲಿಯ ಸೇನೆಗೆಂದು ಮಸಾವಾ ಬಂದರಿನಲ್ಲಿ ಇಳಿಸಿದ ದನಗಳೊಂದಿಗೆ ಆ ರೋಗ ಈ ನೆಲಕ್ಕೆ ಬಂತೆಂದೂ ಆ ದನಗಳು ಹಡಗು ಹತ್ತಿದ್ದು ಭಾರತದಲ್ಲೆಂದೂ ಚರಿತ್ರಕಾರರು ಬರೆಯುತ್ತಾರೆ. ಇಥಿಯೋಪಿಯಾದ ಬಹುಪಾಲು ದನಗಳು ಸತ್ತವು. ಉಳಲು ಎತ್ತಿಲ್ಲದೆ 1888ರಿಂದ 1892ರವರೆಗೆ ಕ್ಷಾಮ ಬಡಿಯಿತು. ಅದನ್ನು ಇಲ್ಲಿನವರು ಕೆಟ್ಟ ದಿನಗಳೆಂದೇ ಕರೆಯುತ್ತಾರೆ. ನಿಮ್ಮ ದೇಶ ಯಾವುದೆಂದು ಇಲ್ಲಿನ ಹಿರಿಯರು ಕೇಳಿದಾಗ, ಅವರಿಗೆ ಈ ಸಂಗತಿ ಗೊತ್ತಿರಲಿಕ್ಕಿಲ್ಲವೆಂದು ತಿಳಿದಿದ್ದರೂ, ಉತ್ತರ ಹೇಳುವ ಮೊದಲು ನನ್ನ ನಾಲಿಗೆ ಸ್ವಲ್ಪ ತಡವರಿಸುತ್ತದೆ. 1990ರ ದಶಕದಲ್ಲಿ ಆ ರೋಗದ ಕೊನೆಯ ಬಿಡಾರಗಳಲ್ಲೊಂದು ಈಶಾನ್ಯದ ಅಫಾರ್ ಸೀಮೆಯಲ್ಲಿತ್ತು. ಜೀಪು ಹೋಗದ, ಮಂಜುಗಡ್ಡೆ ಉಳಿಯದ ಆ ಬೆಂಗಾಡಿನಲ್ಲಿ ಬಿಸಿಲನ್ನು ತಡೆಯಬಲ್ಲ ಲಸಿಕೆಯನ್ನು ಹೆಗಲಿಗೆ ಹಾಕಿಕೊಂಡು ಹಿಂಡಿನಿಂದ ಹಿಂಡಿಗೆ ನಡೆದವರು ಸರ್ಕಾರಿ ವೈದ್ಯರಲ್ಲ, ಅಲ್ಲಿನ ದನಗಾಹಿಗಳೇ ತಮ್ಮೊಳಗಿಂದ ಆರಿಸಿ ಕಳುಹಿಸಿದ ಜನ. 2011ರಲ್ಲಿ ಜಗತ್ತು ದೊಡ್ಡರೋಗದಿಂದ ಮುಕ್ತವಾಯಿತೆಂದು ಘೋಷಿಸಿದರು. ಲಸಿಕೆಯ ಬೆಲೆ ಎಲ್ಲ ವರದಿಗಳಲ್ಲೂ ಇದೆ. ಆ ನಡಿಗೆಗೆ ಯಾರು ಎಷ್ಟು ಬೆಲೆ ಕಟ್ಟಿದರೆಂದು ಹುಡುಕುತ್ತ ನಾನು ಅಡಿಟಿಪ್ಪಣಿಗಳವರೆಗೂ ಹೋಗುತ್ತೇನೆ.

ನಿನ್ನೆ ಚಿಕ್ಕಪ್ಪ ಮತ್ತೆ ಕರೆ ಮಾಡಿದ್ದರು. ಎಮ್ಮೆ ಗಬ್ಬವಾಗಿದೆಯೆಂಬ ಸುದ್ದಿಯ ನಂತರ, ಎಲ್ಲ ಕರೆಗಳಲ್ಲೂ ಬರುವ ಪ್ರಶ್ನೆ ಬಂತು: "ಅದಿರ್ಲಿ, ಏನು ಕೊಡ್ತಾರೆ ನಿಂಗೆ?" ಏನೂ ಇಲ್ಲವೆಂದು ಇಷ್ಟು ದಿನ ಹೇಳಿ ಬೈಸಿಕೊಂಡಿದ್ದ ನಾನು ಈ ಬಾರಿ ತಲೆಯೆತ್ತಿ, "ವಾರಕ್ಕೊಂದು ಒಂಟೆ, ಚಿಕ್ಕಪ್ಪ" ಎಂದೆ. ಆ ಕಡೆ ಕೆಲವು ಕ್ಷಣ ಸದ್ದಿರಲಿಲ್ಲ. ಆಮೇಲೆ, "ಹಂಗಾದ್ರೆ ಬರೋವಾಗ ಒಂದು ಹೊಡ್ಕೊಂಡು ಬಾರಪ್ಪ, ದಸರಾ ಮೆರವಣಿಗೆಗೆ ಬಾಡಿಗೆಗಾದ್ರೂ ಬಿಡಬಹುದು" ಎಂದರು. ಒಂಟೆಯೊಂದನ್ನು ದೇಶ ದಾಟಿಸಲು ಆಮದು ಪರವಾನಗಿ, ಪಶುವೈದ್ಯರ ಪ್ರಮಾಣಪತ್ರ, ರಕ್ತಪರೀಕ್ಷೆ, ಬಂದರಿನಲ್ಲಿ ಪ್ರತ್ಯೇಕ ವಾಸ ಎಲ್ಲವೂ ಬೇಕೆಂದು ಅವರಿಗೆ ವಿವರಿಸಿದೆ. ಅವಕ್ಕೆಲ್ಲ ಶುಲ್ಕ ಕಟ್ಟಬೇಕು, ಆದರೆ ಪ್ರತಿಯೊಂದಕ್ಕೂ ತೆರಿಗೆ ಸಂಖ್ಯೆ, ಮೊಹರು, ಸಹಿಯುಳ್ಳ ಮುದ್ರಿತ ರಸೀದಿ ಕೊಡುತ್ತಾರೆ. ಪಗುಮೆಯಲ್ಲಿ ಹೊರಡದಿದ್ದರೆ ಆಯಿತು.