ಹೂವುಗಳ ಮೇಲೆ ಹೊರಿಸಿದ ಕೆಲಸ

ಹಳೇ ಸಿನಿಮಾಗಳಲ್ಲಿ ಹೀರೋ ಹೀರೋಯಿನ್ ಮುಖ ಹತ್ರ ಬಂತು ಅಂದ್ರೆ ಮುಗೀತು, ಕ್ಯಾಮೆರಾ ನಾಚ್ಕೊಂಡು ಪಕ್ಕದ ಗಿಡದ ಕಡೆ ತಿರುಗ್ಬಿಡೋದು, ಅಲ್ಲಿ ಎರಡು ಹೂವು ಒಂದಕ್ಕೊಂದು ಮುತ್ತು ಕೊಡ್ತಿರೋವು. ಸುತ್ತ ಒಂದೆಲೆನೂ ಅಲ್ಲಾಡ್ತಿಲ್ಲ, ಇವೆರಡಕ್ಕೆ ಮಾತ್ರ ಎಲ್ಲಿಂದ ಗಾಳಿ? ಯಾರೋ ಕೆಳಗೆ ಕೂತು ದಾರ ಎಳೀತಿದ್ರೇನೋ, ಪಾಪ ಅವ್ರ ಹೆಸರು ಟೈಟಲ್ ಕಾರ್ಡಲ್ಲೂ ಇರಲ್ಲ.

ಇದ್ರಲ್ಲಿ ಪುಟ್ಟಣ್ಣ ಕಣಗಾಲ್ ಬೇರೆ ಥರ. 1973ರ ಎಡಕಲ್ಲು ಗುಡ್ಡದ ಮೇಲೆ ಸಿನಿಮಾದಲ್ಲಿ ಗಂಡ ಯುದ್ಧದಲ್ಲಿ ಗಾಯ ಮಾಡ್ಕೊಂಡು ಬಂದಿದಾನೆ, ಹೆಂಡ್ತಿ ಮಾಧವಿಗೆ ಇನ್ನೂ ವಯಸ್ಸಿದೆ, "ವಿರಹಾ ನೂರು ನೂರು ತರಹ" ಹಾಡಲ್ಲಿ ಜಯಂತಿ ಮುಖ ನೋಡಿ, ಆಸೆ ಯಾರದು ಅಂತ ಹೂವು ತೋರ್ಸಿ ಹೇಳೋ ಅಗತ್ಯನೇ ಇಲ್ಲ.

ಹಿಸ್ಟರಿ ಬುಕ್ಕಿಗೆ ಸಿನಿಮಾಗಿಂತ ಜಾಸ್ತಿ ನಾಚ್ಕೆ. ರಾಜ ಯುದ್ಧ ಗೆದ್ದ, ಕೆರೆ ಕಟ್ಟಿಸ್ದ, ಕವಿಗಳಿಗೆ ಆಶ್ರಯ ಕೊಟ್ಟ, ಅಷ್ಟೇ. ಆ ಕವಿಗಳು ಬರೆದಿದ್ದೇನು ಅಂತ ಮಾತ್ರ ಕೇಳ್ಬಾರ್ದು. ಹದಿನೆಂಟನೇ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿ ಮುದ್ದುಪಳನಿ ಅಂತ ಗಣಿಕೆ ಇದ್ಲು, ತೆಲುಗಿನಲ್ಲಿ ರಾಧಿಕಾ ಸಾಂತ್ವನಮು ಬರೆದ್ಲು. ತಾನೇ ಸಾಕಿ ಬೆಳೆಸಿದ ಇಳಾನ ರಾಧೆ ಕೃಷ್ಣನ ಹತ್ರ ಕಳಿಸ್ತಾಳೆ, ಆಮೇಲೆ ಹೊಟ್ಟೆಕಿಚ್ಚಲ್ಲಿ ಬೇಯ್ತಾಳೆ, ಕೊನೆಗೆ ಕೃಷ್ಣನೇ ಬಂದು ಗೋಗರೀಬೇಕು. ಕಳಿಸಿದವಳಿಗೂ ಹೊಟ್ಟೆ ಉರಿಯುತ್ತೆ ಅಂತ ಗೊತ್ತಿದ್ದವಳೇ ಬರೀಬೇಕಾದ ಕಥೆ ಅದು.

ಇದ್ರ ಮುಂದಿನ ಕಥೆ ನಮ್ಮ ನಂಜನಗೂಡಿಗೆ ಬರುತ್ತೆ. ಅಲ್ಲಿ 1878ರಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ ಈ ಕಾವ್ಯ ಓದಿ ಮೆಚ್ಕೊಂಡು, ಹಳೇ ಪ್ರಿಂಟಲ್ಲಿ ಕತ್ತರಿಸಿ ಹಾಕಿದ್ದನ್ನೆಲ್ಲ ವಾಪಸ್ ಸೇರಿಸಿ 1910ರಲ್ಲಿ ಅಚ್ಚು ಹಾಕಿಸಿದ್ರು. ಸಮಾಜ ಸುಧಾರಕರು ಅಂತ ಹೆಸರಾಗಿದ್ದ ಕಂದುಕೂರಿ ವೀರೇಶಲಿಂಗಂ ಅವ್ರು ಇದು ಹೆಂಗಸಿನ ಬಾಯಲ್ಲಿ ಬರೋ ಮಾತಲ್ಲ ಅನ್ನೋ ಧಾಟಿಯಲ್ಲಿ ಜರೆದಿದ್ರು, ನಾಚ್ಕೆ ಮಾನ ಹೆಂಗಸರಿಗೆ ಮಾತ್ರನಾ, ಗಂಡಸರಿಗೆ ಇಲ್ವಾ ಅಂತ ಈಯಮ್ಮ ತಿರುಗಿಸಿ ಕೇಳಿದ್ರು. ಉತ್ತರ ಕೊಟ್ಟಿದ್ದು ಸರ್ಕಾರ, 1911ರಲ್ಲಿ ಪುಸ್ತಕ ಜಪ್ತಿ ಮಾಡಿ. ಗಂಡು ಕವಿಗಳು ನಖಶಿಖಾಂತ ವರ್ಣನೆ ಮಾಡಿದ್ದು ಕಾವ್ಯ, ಮುದ್ದುಪಳನಿ ಬರೆದ್ರೆ ಅಶ್ಲೀಲ, ಎಂಥಾ ನ್ಯಾಯ ನೋಡಿ! 1947ರಲ್ಲಿ ಬ್ಯಾನ್ ತೆಗೆದ್ರು.

ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ದೂ ಇದೇ ನಾಗರತ್ನಮ್ಮ, ಸ್ವಂತ ದುಡ್ಡಲ್ಲಿ. ಆರಾಧನೆ ಬಂದಾಗ ಎಲ್ರೂ ಆ ಭಕ್ತಿ ಕಥೆ ಹೇಳ್ತಾರೆ, ಪುಸ್ತಕದ ವಿಷಯ ಬಂದ್ರೆ ಗಂಟಲು ಸರಿ ಮಾಡ್ಕೊಳ್ತಾರೆ. ನಂಗಂತೂ ಎರಡೂ ಬೇರೆ ಬೇರೆ ಅನ್ಸಲ್ಲಪ್ಪ, ಮುದ್ದುಪಳನಿ ಬರೆದಿದ್ದೂ ಕೃಷ್ಣನ ಬಗ್ಗೆನೇ ತಾನೆ.