ಗಲ್ಫಿನಿಂದ ಬಂದವರಿಗೆ ಊರು ಯಾಕೆ ಪರವೂರಿನ ಹಾಗೆ ಕಾಣುತ್ತದೆ

ದುಬೈ, ಮಸ್ಕತ್, ದೋಹಾದಿಂದ ಕಾಸರಗೋಡಿಗೆ ಬಂದವರು "ಊರಲ್ಲೇ ನೆಂಟರಾಗಿಬಿಟ್ಟೆವು" ಎಂದು ಬೇಸರಪಡುತ್ತಾರೆ. ಮನಸ್ಸು ದೂರವಾಗಿದೆ ಎಂದು ನನಗನ್ನಿಸುವುದಿಲ್ಲ. ಅರ್ಧ ತಪ್ಪು ರಜೆಯದ್ದು.

ಗಲ್ಫಿನ ಶಾಲೆಗಳಿಗೆ ದೊಡ್ಡ ರಜೆ ಜುಲೈ–ಆಗಸ್ಟಿನಲ್ಲಿ. ಇಲ್ಲಿ ಆಗ ಆಟಿ, ತುಳುವರ ಮಳೆಗಾಲದ ತಿಂಗಳು. ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೇ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿರುತ್ತವೆ, ದೈವಗಳ ಕೋಲ–ನೇಮ ನಿಂತಿರುತ್ತದೆ, ಆಟಿಯಲ್ಲಿ ಮದುವೆಯೂ ಇಲ್ಲ. ಪ್ರತಿಸಲ ಆಟಿಯಲ್ಲೇ ಬಂದುಹೋಗುವ ಮಕ್ಕಳಿಗೆ ಊರೆಂದರೆ ಜಾರುವ ಅಂಗಳ, ಕೈಕೊಡುವ ಕರೆಂಟು, ಅಷ್ಟೇ. ಎರಡು–ಮೂರು ವರ್ಷಕ್ಕೊಮ್ಮೆಯಾದರೂ ಡಿಸೆಂಬರಿನ ಚಿಕ್ಕ ರಜೆಗೆ ಬನ್ನಿ, ಮೇಳಗಳು ತಿರುಗಾಟದಲ್ಲಿರುತ್ತವೆ.

ಇನ್ನೊಂದು ತೊಂದರೆ ಕುರ್ಚಿಯದ್ದು. ಮದುವೆ–ಮುಂಜಿಯಂಥ ಜಂಬರಕ್ಕೆ ಹೋದರೆ ಗಲ್ಫಿನವರನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ, ಪ್ರೀತಿಯಿಂದಲೇ. ಕೂರಬೇಡಿ. ಹಿಂದಿನ ಸಂಜೆಯೇ ತರಕಾರಿ ಹೆಚ್ಚಲು ಹೋಗಿ, ಊರಿನ ಸುದ್ದಿಯೆಲ್ಲ ಸಿಗುವುದು ಅಲ್ಲಿ. ಬಡಿಸಲು ನಿಂತರೆ ಮೊದಲೇ ಸಾರಿನ ಬಾಲ್ದಿ ಹಿಡಿಯಬೇಡಿ; ಅಭ್ಯಾಸ ತಪ್ಪಿದ ಕೈಗೆ ಬಗ್ಗುವಾಗ ಅದು ತುಳುಕುತ್ತದೆ, ಸಾರು ಎಲೆ ದಾಟಿ ಪಕ್ಕದವರ ಪಂಚೆಗೆ ಹೋಗುತ್ತದೆ. ಉಪ್ಪು, ಉಪ್ಪಿನಕಾಯಿಯಿಂದ ಸುರು ಮಾಡಿ. ಎಲೆಯ ತುದಿ ಉಣ್ಣುವವರ ಎಡಕ್ಕೆ. ಉಪ್ಪು ಆ ಎಡಬದಿಗೆ, ಪಲ್ಯ–ಕೋಸಂಬರಿ ಮೇಲಿನ ಅರ್ಧಕ್ಕೆ, ಅನ್ನ ಕೆಳಗಿನ ಅರ್ಧದ ನಡುವೆ. ಅವರು ಅನ್ನದಲ್ಲಿ ಗುಳಿ ಮಾಡಿಕೊಂಡ ಮೇಲೆಯೇ ಸಾರು. ಕೈ ಅಡ್ಡ ಹಿಡಿದವರನ್ನೂ ಒಮ್ಮೆ ವಿಚಾರಿಸಿ. ಎರಡು ಪಂಕ್ತಿ ಬಡಿಸಿದವರನ್ನು "ವಾಪಸ್ ಯಾವಾಗ?" ಎಂದು ಕೇಳುವವರು ಕಡಿಮೆ.

ಕಚೇರಿಯಲ್ಲಿ ಆಗುವ ಪರಕೀಯತೆ ಬೇರೆ. ಮಲಯಾಳದ ಫಾರ್ಮು ನೋಡಿ ಕಂಗಾಲಾಗುವುದು ಹೊರಗಿದ್ದು ಬಂದವರಷ್ಟೇ ಅಲ್ಲ, 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿಯೇ ಇರುವವರ ಪಾಡೂ ಅದೇ. ಆದರೆ ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಕನ್ನಡದಲ್ಲೇ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಅರ್ಜಿ ಎರಡು ಪ್ರತಿ ಮಾಡಿ, ಕೊನೆಯಲ್ಲಿ "ಉತ್ತರ ಕನ್ನಡದಲ್ಲಿ ಬೇಕು" ಎಂದು ಸೇರಿಸಿ, ನಿಮ್ಮ ಪ್ರತಿಗೆ ಸೀಲು–ತಾರೀಕು ಹಾಕಿಸಿಕೊಳ್ಳಿ. ಇಂಗ್ಲಿಷಿನಲ್ಲಿ ಬರೆದರೆ ಕೆಲಸ ಬೇಗ ಆದೀತು. ಆದರೆ ಕನ್ನಡದ ಅರ್ಜಿಗಳೇ ಬರದಿದ್ದರೆ ಕನ್ನಡ ಬಲ್ಲ ಸಿಬ್ಬಂದಿ ಬೇಕೆಂದು ನಾವು ಯಾವ ಬಾಯಲ್ಲಿ ಕೇಳುವುದು?

ಊರಲ್ಲೇ ಇರುವವರಿಗೂ ಒಂದು ಮಾತು. ಆ ಮಕ್ಕಳು ತುಳುವನ್ನೋ ಹವ್ಯಕ ಕನ್ನಡವನ್ನೋ ತಪ್ಪುತಪ್ಪಾಗಿ ಆಡಿದರೆ ನಗಬೇಡಿ, ಉಪಕಾರವೆಂದು ಇಂಗ್ಲಿಷಿಗೂ ತಿರುಗಬೇಡಿ. ಒಮ್ಮೆ ನಕ್ಕರೆ ರಜೆ ಮುಗಿಯುವವರೆಗೆ ಅವರು ಮತ್ತೆ ಬಾಯಿ ಬಿಡುವುದಿಲ್ಲ.